ನಾನೇ ಇಳಿಸಿಕೊಂಡ ಬಾಟಲಿ

ನನಗೆ ಸಿಗಡಿ ಆಗುವುದಿಲ್ಲ. ಕರಾವಳಿಯಲ್ಲಿ ಹುಟ್ಟಿ ಬೆಳೆದವನು ಹೀಗೆಂದರೆ ಯಾರೂ ಒಮ್ಮೆಗೆ ನಂಬುವುದಿಲ್ಲ. ಹತ್ತೊಂಬತ್ತು ವರ್ಷದವರೆಗೆ ನಾನೂ ಎಲ್ಲರಂತೆ ತಿಂದವನೇ. ಒಂದು ದಿನ ದೊಡ್ಡಮ್ಮನ ಮನೆಯಲ್ಲಿ ಒಣ ಸಿಗಡಿ ಚಟ್ನಿ ನಂಚಿಕೊಂಡು ಗಂಜಿ ಉಂಡು ಎದ್ದಾಗ ತುಟಿ ದಪ್ಪಗಾಗಿತ್ತು, ಹೊಟ್ಟೆಯ ಮೇಲೆಲ್ಲ ದದ್ದು ಎದ್ದಿತ್ತು. ಪಿತ್ತ ಏರಿದ್ದು ಎಂದು ದೊಡ್ಡಮ್ಮ ಪುನರ್ಪುಳಿ ನೀರು ಕುಡಿಸಿದರು. ಎರಡನೆಯ ಸಲ ಉಸಿರೇ ಸಿಕ್ಕಿಹಾಕಿಕೊಂಡಿತು. ಮೂರನೆಯ ಸಲ ಆಗಗೊಡಲಿಲ್ಲ. ಆಮೇಲೆ ಹೋದ ನೆಂಟರ ಮನೆಗಳಲ್ಲೆಲ್ಲ "ಒಂದು ತುಂಡು ತಿಂದ್ರೆ ಎಂತ ಆಗ್ತದೆ" ಎನ್ನುವವರು ಒಬ್ಬರಾದರೂ ಇರುತ್ತಿದ್ದರು. ಅವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ವರ್ಷಗಳಾದವು.

ಬಹರೈನಿನಲ್ಲಿ ನನ್ನದು ಸಮುದ್ರದಂಡೆಯ ಒಂದು ರೆಸಾರ್ಟಿನ ಸ್ಟೋರಿನಲ್ಲಿ ಕೆಲಸ. ಹದಿನಾರು ವರ್ಷಗಳಿಂದ ಅದೇ ಹಿಂಬಾಗಿಲು. ವ್ಯಾನು ಬಂದು ನಿಲ್ಲುತ್ತದೆ, ನಾನು ಪೆಟ್ಟಿಗೆ ಬಿಚ್ಚಿಸುತ್ತೇನೆ. ಮೀನಿನ ಮಂಜುಗಡ್ಡೆ ಕರಗಿದೆಯೇ, ಹಾಲಿನ ತಾರೀಕು ದಾಟಿದೆಯೇ, ಸೊಪ್ಪಿನ ಕಟ್ಟಿನ ನಡುವೆ ಕೊಳೆತದ್ದನ್ನು ತುರುಕಿದ್ದಾರೆಯೇ ಎಂದು ನೋಡಿ ಡೆಲಿವರಿ ನೋಟಿಗೆ ಸಹಿ ಹಾಕುತ್ತೇನೆ. ಸಹಿ ಬಿದ್ದ ಮೇಲೆ ಸರಕು ನಮ್ಮದು. ಬೆಳಿಗ್ಗೆ ಮೀನಿನವನು "ರುಬಿಯಾನ್, ರುಬಿಯಾನ್" ಎಂದು ಕೂಗಿ ಸಿಗಡಿಯ ಪೆಟ್ಟಿಗೆಯನ್ನು ಬೇರೆಯಾಗಿ ಇಡುತ್ತಾನೆ. ನನ್ನ ವಿಷಯ ಅವನಿಗೆ ಗೊತ್ತು. ಅದನ್ನು ಗ್ಲೌಸ್ ಹಾಕಿಕೊಂಡೇ ಮುಟ್ಟುತ್ತೇನೆ. ಮನೆ ಸನದ್‌ನಲ್ಲಿ. ಹೆಂಡತಿ ಜಿಂಜ್‌ನ ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳ ತರಗತಿಯ ಸಹಾಯಕಿ.

ಆ ಚಳಿಗಾಲದಲ್ಲಿ ನಮ್ಮ ಕಡಲ ಬದಿಯ ರೆಸ್ಟೋರೆಂಟಿನಲ್ಲಿ ಒಂದು ತಿಂಗಳು ಕೆರಿಬಿಯನ್ ತಿಂಡಿಗಳನ್ನು ಇಡುವುದೆಂದು ಮೇಲಿನವರು ನಿರ್ಧರಿಸಿದರು. ವಾರಾಂತ್ಯಕ್ಕೆ ಸೇತುವೆ ದಾಟಿ ಸೌದಿಯಿಂದ ಬರುವ ಸಂಸಾರಗಳಲ್ಲಿ ಕಡಲೆಬೀಜ ಆಗದ ಮಗು, ಹಾಲು ಆಗದ ತಾಯಿ, ಹೀಗೆ ಒಬ್ಬರಲ್ಲ ಒಬ್ಬರು ಇರುತ್ತಿದ್ದರು. ಆದ್ದರಿಂದ ಊಟಕ್ಕೆ ಮುಂಚಿನ ಸಣ್ಣ ತಿಂಡಿಗಳೆಲ್ಲ ಅಲರ್ಜಿ ಇರುವವರೂ ತಿನ್ನುವಂಥವಾಗಿರಬೇಕು ಎಂದು ಷರತ್ತು. ಅದಕ್ಕೆಂದು ಟ್ರಿನಿಡಾಡಿನಿಂದ ಒಬ್ಬ ಶೆಫ್ ಬಂದರು. ನಲವತ್ತು ದಾಟಿದ ಹೆಂಗಸು. ಎತ್ತರದ ಆಳು, ನಡೆಯುವಾಗ ಯಾವಾಗಲೂ ಅವಸರ. ಬಂದ ದಿನ ಅಡುಗೆಮನೆಗೆ ಹೋಗುವ ಮೊದಲು ಪಟ್ಟಿ ಹಿಡಿದುಕೊಂಡು ಸ್ಟೋರಿಗೆ ಬಂದರು.

ಪಟ್ಟಿಯಲ್ಲಿ ಒಂದು ಎಲೆಯ ಹೆಸರಿತ್ತು, ನನಗೆ ಅರ್ಥವಾಗಲಿಲ್ಲ. ಅವರು ಪೆನ್ನಿನಿಂದ ಚಿತ್ರ ಬಿಡಿಸಿ ತೋರಿಸಿದರು. ನಾನು ತಂಪು ಕೋಣೆಗೆ ಹೋಗಿ, ಸಿಬ್ಬಂದಿಯ ಅಡುಗೆಗೆಂದು ತರಿಸಿದ್ದ ಕೆಸುವಿನ ಎಲೆಯ ಕಟ್ಟನ್ನು ತಂದು ಮೇಜಿನ ಮೇಲಿಟ್ಟೆ.

"ಇದೇ! ಇದು ಇಲ್ಲಿ ಯಾರಿಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಮಗೆ," ಎಂದೆ.

ಅವರು ಎಲೆಯ ಬೆನ್ನು ತಿರುಗಿಸಿ ನಾರನ್ನು ಉಗುರಿನಲ್ಲಿ ಎಳೆದು ನೋಡಿದ ರೀತಿಯಿಂದಲೇ, ಇವರು ಈ ಎಲೆಯನ್ನು ಚಿಕ್ಕಂದಿನಿಂದ ಬಲ್ಲವರು ಎಂದು ತಿಳಿಯಿತು. ಅವತ್ತಿನಿಂದ ಯಾವುದು ಬೇಕಾದರೂ ನೇರ ನನ್ನ ಹತ್ತಿರ ಬರುತ್ತಿದ್ದರು.

ಪಟ್ಟಿಯಲ್ಲಿದ್ದದ್ದೆಲ್ಲ ಒಂದೊಂದಾಗಿ ಬಂತು: ಮರಗೆಣಸು, ದೊಡ್ಡ ಬಾಳೆಕಾಯಿ, ಹುಣಸೆಹಣ್ಣು, ಉದ್ದ ಎಲೆಯ ಒಂದು ಬಗೆಯ ಕೊತ್ತಂಬರಿ. ಬಾರದೆ ಉಳಿದದ್ದು ಅವರ ದ್ವೀಪದ ಕಡೆಯ ಮೆಣಸಿನ ಪೇಸ್ಟ್ ಮಾತ್ರ. ಗುರುವಾರ ಮಧ್ಯಾಹ್ನ ಸಪ್ಲೈಯರನ ವ್ಯಾನು ಬಂದಾಗ ಡ್ರೈವರ್ ಬೇರೆ ಬಾಟಲಿ ಇಳಿಸಿದ. ದೂರದ ಪೂರ್ವ ದೇಶದ್ದು. "ಅದು ಸ್ಟಾಕ್ ಇಲ್ಲ ಭಾಯ್. ಇದೂ ಅದೇ ಮಾಲು, ಖಾರ ಇನ್ನೂ ಜಾಸ್ತಿ," ಎಂದು ಹಿಂದಿಯಲ್ಲಿ ಹೇಳಿದ. ನಾನು ಮುಚ್ಚಳದ ಸೀಲು ನೋಡಿದೆ, ತಾರೀಕು ನೋಡಿದೆ. ಬಾಟಲಿಯ ಹಿಂದೆ, ಏನೇನು ಹಾಕಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರ ಮೇಲೆ, ಆಮದು ಮಾಡಿದವರು ಅರಬ್ಬಿ ಸ್ಟಿಕ್ಕರ್ ಅಂಟಿಸಿದ್ದರು. ಇಲ್ಲಿ ಎಲ್ಲ ಸರಕಿಗೂ ಹೀಗೆ ಅಂಟಿಸುತ್ತಾರೆ, ಕೆಲವೊಮ್ಮೆ ಓದಬೇಕಾದದ್ದರ ಮೇಲೆಯೇ. ಡೆಲಿವರಿ ನೋಟಿನಲ್ಲಿ 'ಬದಲಿ ಮಾಲು, ಒಪ್ಪಿದೆ' ಎಂದು ಬರೆದು ಸಹಿ ಹಾಕಿದೆ. ಶೆಫ್‌ಗೆ ಹೇಳಲಿಲ್ಲ. ಹೇಳಬೇಕಾದ ವಿಷಯ ಎಂದೇ ಅನಿಸಲಿಲ್ಲ. ಮೆಣಸಿಗೆ ಮೆಣಸು ಬಂದಿದೆ, ಅಷ್ಟೆ.

ಮಾರನೆಯ ದಿನ ನಮ್ಮ ರೆಸ್ಟೋರೆಂಟುಗಳ ಮ್ಯಾನೇಜರ್ ಸ್ಟೋರಿಗೆ ಬಂದರು. ಅವರು ಬಂಟ್ವಾಳದ ಕಡೆಯ ಕ್ರಿಶ್ಚಿಯನ್ನರು, ನನಗಿಂತ ಹದಿನೈದು ವರ್ಷ ಚಿಕ್ಕವರು. ನಾಲ್ಕು ಜನರೆದುರು ಇಂಗ್ಲಿಷ್, ಇಬ್ಬರೇ ಇದ್ದರೆ ಕನ್ನಡ.

"ನಿಮಗೆ ಸಿಗಡಿ ಆಗುದಿಲ್ಲ ಅಲ್ವಾ?"

"ಆಗುದಿಲ್ಲ ಸರ್. ಯಾಕೆ?"

"ಭಾನುವಾರ ಮೂರು ಗಂಟೆಗೆ ಮೇಲೆ ಬನ್ನಿ. ಯೂನಿಫಾರ್ಮ್ ಬೇಡ. ಒಳ್ಳೆ ಶರ್ಟ್ ಹಾಕ್ಕೊಳ್ಳಿ. ತಿನ್ಲಿಕ್ಕೆ."

"ನಾನಾ?"

"ನೀವೇ ಮಾರಾಯ್ರೆ. ಅಲರ್ಜಿ ಇದ್ದವರು ತಿಂದು ಹೇಳ್ಬೇಕು. ಇಲ್ಲದವರು ತಿಂದು ಚಂದ ಉಂಟು ಹೇಳಿದ್ರೆ ಎಂತ ಪ್ರಯೋಜನ? ಹೆದರಬೇಡಿ, ನಮ್ಮ ಕ್ಲಿನಿಕ್ಕಿನ ನರ್ಸ್ ಇರ್ತಾರೆ."

ಮನೆಯಲ್ಲಿ ಹೇಳಿದಾಗ ಹೆಂಡತಿ ಇಸ್ತ್ರಿ ಹಾಕುತ್ತಿದ್ದಳು. "ನರ್ಸ್ ಇಟ್ಟುಕೊಂಡು ತಿನ್ನುವ ಊಟ ಎಂತದ್ದು?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಭಾನುವಾರ ಬೆಳಿಗ್ಗೆ ನನ್ನ ಶರ್ಟಿನ ಕಿಸೆಯಲ್ಲಿ ಅಲರ್ಜಿಯ ಗುಳಿಗೆಯ ಪಟ್ಟಿ ಇಟ್ಟದ್ದು ಕಂಡಿತು.

ಆ ರೆಸ್ಟೋರೆಂಟಿನಲ್ಲಿ ನಾನು ಅದುವರೆಗೆ ಕುಳಿತವನಲ್ಲ. ಅಲ್ಲಿನ ಕುರ್ಚಿಗಳು ಬಂದ ದಿನ ಅವುಗಳ ಪ್ಲಾಸ್ಟಿಕ್ ಬಿಚ್ಚಿಸಿದವನು ನಾನು. ಒಂದರ ಕಾಲು ಸೀಳಿತ್ತೆಂದು ವಾಪಸು ಕಳಿಸಿದ್ದೆ. ಕೂತಾಗ ಅವು ಇಷ್ಟು ಹಿಂದಕ್ಕೆ ವಾಲುತ್ತವೆ ಎಂದು ಗೊತ್ತಿರಲಿಲ್ಲ. ಗಾಜಿನಾಚೆ ಸಮುದ್ರ ತಟ್ಟೆಯಂತೆ ಅಲುಗಾಡದೆ ಬಿದ್ದಿತ್ತು. ಮಧ್ಯಾಹ್ನದ ಊಟ ಮುಗಿದು ರಾತ್ರಿಯದು ಶುರುವಾಗದ ಹೊತ್ತು, ನಮ್ಮನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ನಾವು ಮೂವರು. ಈಜುಕೊಳ ಕಾಯುವ ಫಿಲಿಪಿನೋ ಹುಡುಗಿಗೆ ಮೊಟ್ಟೆ ಮತ್ತು ಹಾಲು ಆಗದು. ರಿಸೆಪ್ಶನ್ನಿನ ಬಹರೈನಿ ಹೆಣ್ಣುಮಗಳಿಗೆ ಎಳ್ಳು ಆಗದು. ಎಳ್ಳಿಲ್ಲದೆ ಇಲ್ಲಿ ಒಂದು ಊಟದ ಮೇಜೂ ತುಂಬುವುದಿಲ್ಲ.

"ನಿಮ್ಮ ಮನೆಯಲ್ಲಿ ನಂಬುತ್ತಾರಾ?" ಎಂದು ಅವಳನ್ನು ಕೇಳಿದೆ.

"ಅಮ್ಮ ನಂಬುತ್ತಾರೆ. ಅತ್ತೆ ಇನ್ನೂ ಪರೀಕ್ಷೆ ಮಾಡುತ್ತಿದ್ದಾರೆ ಅಂಕಲ್," ಎಂದಳು.

ಶೆಫ್ ಬಂದು ಮೇಜಿನ ಮುಂದೆ ನಿಂತು, ಇದು ಪರೀಕ್ಷೆಯಲ್ಲ, ನಿಮ್ಮ ಮೇಲೆ ಪ್ರಯೋಗ ಮಾಡುವುದು ನನಗೆ ಇಷ್ಟವಿಲ್ಲ, ನೀವು ಊಟಕ್ಕೆ ಬಂದವರು, ರುಚಿ ಹೇಳಿದರೆ ಸಾಕು ಎಂದರು. ಮ್ಯಾನೇಜರ್ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ನರ್ಸಮ್ಮ, ಕೇರಳದವರು, ಮೂಲೆಯಲ್ಲಿ ತನ್ನ ಪೆಟ್ಟಿಗೆಯ ಜೊತೆ ಕುಳಿತಿದ್ದರು.

ಮೊದಲು ಬಂದದ್ದು ಮರಗೆಣಸಿನ ಸಣ್ಣ ಗುಂಡಗಿನ ರೊಟ್ಟಿ, ಮೇಲೆ ಬೆಣ್ಣೆಹಣ್ಣು. ಸಪ್ಪೆ ಎನಿಸಿತು, ಹಾಗೆಯೇ ಹೇಳಿದೆ. ಶೆಫ್ ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಜಜ್ಜಿ ಎರಡು ಸಲ ಕರಿದ ಬಾಳೆಕಾಯಿ. ಈಜುಕೊಳದ ಹುಡುಗಿ ತನ್ನ ತಟ್ಟೆ ಮುಗಿಸಿ ನನ್ನದಕ್ಕೂ ಕೈಹಾಕಿದಳು. ಕೆಸುವಿನ ಎಲೆ ಹೆಚ್ಚಿ ಹಾಕಿದ ವಡೆ ಚೆನ್ನಾಗಿತ್ತು. ಗಂಟಲು ಕೆರೆಯಲಿಲ್ಲ, ಬೇಯಿಸಲು ಬಲ್ಲವರು. ನಾಲ್ಕನೆಯದಾಗಿ ಬೇಳೆ ಹಿಟ್ಟನ್ನು ಕಲಸಿ ಉಂಡೆ ಬಿಟ್ಟು ಕರಿದದ್ದು ಬಂತು. ಪಕ್ಕದಲ್ಲಿ ಹುಣಸೆಹಣ್ಣಿನ ಚಟ್ನಿ.

"ಇದು ನನ್ನ ಅಜ್ಜಿಯ ಅಜ್ಜಿ ನಿಮ್ಮ ದೇಶದಿಂದ ತಂದದ್ದು. ಯಾವ ಊರು ಗೊತ್ತಿಲ್ಲ. ಕಲ್ಕತ್ತಾದಲ್ಲಿ ಹಡಗು ಹತ್ತಿದರು ಎಂದಷ್ಟೇ ಕಾಗದದಲ್ಲಿದೆ," ಎಂದು ಶೆಫ್ ನನ್ನನ್ನೇ ನೋಡಿ ಹೇಳಿದರು.

ನಾನು ತಲೆಯಾಡಿಸಿದೆ. ಕಲ್ಕತ್ತಾವನ್ನು ನಾನೂ ನೋಡಿದವನಲ್ಲ.

ಉಂಡೆಯನ್ನು ಚಟ್ನಿಯಲ್ಲಿ ಅದ್ದಿ ತಿಂದೆ. ಒಳ್ಳೆಯ ಖಾರ, ಹಿಂದಿನಿಂದ ಹುಳಿ. ಇನ್ನೊಂದು ತಿಂದೆ. ಆಮೇಲೆ ಅಂಗುಳಿನ ಮೇಲೆ ತುರಿಕೆ ಶುರುವಾಯಿತು.

ಖಾರಕ್ಕೂ ಅದಕ್ಕೂ ವ್ಯತ್ಯಾಸ ಇದೆ. ಖಾರ ನಾಲಗೆಯ ತುದಿಯಲ್ಲಿ ಉರಿದು ಮೂಗಿಗೆ ಏರುತ್ತದೆ. ಇದು ಅಂಗುಳಿನಿಂದ ಕಿವಿಯ ಒಳಗಿನವರೆಗೆ ಇರುವೆ ಹರಿದಂತೆ. ಮೂವತ್ತು ವರ್ಷಗಳ ಮೇಲೂ ಗುರುತು ಹತ್ತಿತು. ಆದರೆ ನಾನು ಬಾಯಿ ಬಿಡಲಿಲ್ಲ. ಒಂದು ಲೋಟ ನೀರು ಕುಡಿದೆ. ಖಾರವೇ ಇರಬಹುದು ಎಂದುಕೊಂಡೆ. ಶೆಫ್ ಚೀಟಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಮ್ಯಾನೇಜರ್ ಇನ್ನೊಂದು ಫೋಟೋಗೆ ನಗಲು ಹೇಳಿದರು. ನಾನು ನಕ್ಕೆ. ಆ ಫೋಟೋ ಆಮೇಲೆ ನೋಡಿದೆ. ಕೆಳತುಟಿ ಒಂದು ಬದಿಗೆ ದಪ್ಪಗಾಗಿದೆ. ಇಷ್ಟು ಜನರ ಕೆಲಸವನ್ನು ನನ್ನೊಬ್ಬನ ಬಾಯಿ ಕೆಡಿಸುತ್ತದಲ್ಲ ಎಂಬ ನಾಚಿಕೆಯೇ ಆಗ ಇದ್ದದ್ದು. ಹೆದರಿಕೆ ಆಮೇಲೆ ಬಂತು.

"ಅಂಕಲ್, ನಿಮ್ಮ ಕಿವಿ ಕೆಂಪಾಗಿದೆ," ಎಂದಳು ರಿಸೆಪ್ಶನ್ನಿನವಳು. ನಂತರ ಜೋರಾಗಿ, ಎದ್ದು ನಿಂತು, "ಸಿಸ್ಟರ್!"

ಗುಳಿಗೆಗೆ ಕಿಸೆಗೆ ಕೈಹಾಕಿದೆ. ನರ್ಸಮ್ಮ ನನ್ನ ಕೈಯನ್ನು ಸರಿಸಿ, "ಅದು ಬೇಡ, ಅದು ಆಮೇಲೆ," ಎಂದು ಪ್ಯಾಂಟಿನ ಮೇಲಿನಿಂದಲೇ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಸೋಫಾದಲ್ಲಿ ಮಲಗಿಸಿದರು. ಎದೆ ಡೋಲಿನಂತೆ ಬಡಿಯಿತು, ಕೈ ನಡುಗಿತು, ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. ಆಸ್ಪತ್ರೆಗೆ ಹೋಗಲು ಗಾಡಿ ತರಿಸಿದರು.

ಗಾಡಿ ಬರುವುದರೊಳಗೆ ಶೆಫ್ ಅಡುಗೆಮನೆಯಿಂದ ಆ ದಿನದ ಅಡುಗೆಗೆ ಬಳಸಿದ ಡಬ್ಬಿ, ಬಾಟಲಿ, ಪೊಟ್ಟಣಗಳನ್ನೆಲ್ಲ ಒಂದು ದೊಡ್ಡ ತಟ್ಟೆಯಲ್ಲಿ ಹೊತ್ತು ತಂದು ಪಕ್ಕದ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದನ್ನೇ ಎತ್ತಿ ಓದಿದರು. ಮೆಣಸಿನ ಪೇಸ್ಟಿನ ಬಾಟಲಿಗೆ ಬಂದಾಗ ನಿಂತರು. "ಇದು ನಾನು ಕೇಳಿದ್ದಲ್ಲ," ಎಂದರು. ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆದರು, ಅದು ಏಳಲಿಲ್ಲ.

ರಿಸೆಪ್ಶನ್ನಿನವಳು ಬಾಟಲಿ ತೆಗೆದುಕೊಂಡು ಅರಬ್ಬಿಯನ್ನು ಗಟ್ಟಿಯಾಗಿ ಓದಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಮೆಣಸು, ನೀರು, ಉಪ್ಪು, ಬೆಳ್ಳುಳ್ಳಿ. ಮುಂದಿನ ಪದವನ್ನು ಓದಿದಳು, ಆದರೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ರುಬಿಯಾನ್."

ಹದಿನಾರು ವರ್ಷ ಪ್ರತಿದಿನ ಬೆಳಿಗ್ಗೆ ಕೇಳಿದ ಪದ. ಬರೆದಾಗ ಹೇಗಿರುತ್ತದೆ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

"ಇದನ್ನು ಇಳಿಸಿಕೊಂಡದ್ದು ಯಾರು?" ಎಂದು ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೇಳಿದರು. ನಾನು ಮಲಗಿದಲ್ಲಿಂದಲೇ ಕೈ ಎತ್ತಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ, ನನಗೆ ಏನೋ ಬೇಕಾಗಿದೆ ಎಂದುಕೊಂಡರು. "ನೀರು ಬೇಕಾ?" ಎಂದರು. "ಅಲ್ಲ ಸರ್. ನಾನೇ," ಎಂದೆ.

ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಇಟ್ಟುಕೊಂಡರು. ಶೆಫ್ ಅಡುಗೆಯ ಬಟ್ಟೆಯಲ್ಲೇ ಗಾಡಿ ಹತ್ತಿ ಬಂದಿದ್ದರು. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತರು.

"ನನಗೆ ವಾಸನೆ ಬಂದಿತ್ತು," ಎಂದರು. "ಬೆಳಿಗ್ಗೆ ಚಟ್ನಿ ಕುದಿಸುವಾಗ. ತೀರಾ ಸಣ್ಣದು. ಪೇಸ್ಟನ್ನು ಅಡುಗೆಮನೆಯ ಹುಡುಗರು ಬಟ್ಟಲಿಗೆ ಸುರಿದು ಕೊಟ್ಟಿದ್ದರು, ನಾನು ಬಾಟಲಿ ನೋಡಲಿಲ್ಲ. ಹುಣಸೆಹಣ್ಣನ್ನು ಮೀನಿನ ಪಕ್ಕ ಇಟ್ಟಿರಬೇಕು ಎಂದುಕೊಂಡೆ. ಆಗಲೇ ನಿಲ್ಲಿಸಬೇಕಿತ್ತು."

"ಸಹಿ ಹಾಕಿದವನು ನಾನು," ಎಂದೆ.

"ಕುದಿಸಿದವಳು ನಾನು," ಎಂದರು. ಅದು ಜಗಳದಂತೆ ಇರಲಿಲ್ಲ, ಸಮಾಧಾನದಂತೆಯೂ ಇರಲಿಲ್ಲ.

ಸಂಜೆ ಹೊತ್ತಿಗೆ ಹೆಂಡತಿ ಬಂದಳು, ಕುತ್ತಿಗೆಯಲ್ಲಿ ಶಾಲೆಯ ಗುರುತಿನ ಚೀಟಿ ಹಾಗೆಯೇ ಇತ್ತು. ನನ್ನ ಮುಖ ನೋಡಿದಳು, ಕಿಸೆ ತಡವಿದಳು. ಗುಳಿಗೆ ಪಟ್ಟಿಯಲ್ಲಿ ಒಂದೂ ಒಡೆದಿರಲಿಲ್ಲ.

"ಇದು ಎಂತಕ್ಕೆ ಕೊಟ್ಟದ್ದು ನಾನು?"

"ನರ್ಸಮ್ಮ ಬೇಡ ಹೇಳಿದ್ರು."

"ತುರಿಕೆ ಆದ ಕೂಡ್ಲೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಖಾರ ಅಂತ ಗ್ರಹಿಸಿದೆ."

"ನಿಮಗೆ ಗೊತ್ತಾಗಿತ್ತು," ಎಂದಳು. ಗೊತ್ತಾಗಿತ್ತು. ಶೆಫ್ ಎದ್ದು ಅವಳಿಗೆ ಸ್ಟೂಲು ಬಿಟ್ಟುಕೊಟ್ಟರು. ಹೆಂಡತಿ ತನಗೆ ಬರುವ ಇಂಗ್ಲಿಷಿನಲ್ಲಿ, "ನೀವು ಊಟ ಮಾಡಿದ್ದೀರಾ?" ಎಂದು ಕೇಳಿದಳು. ಇಲ್ಲವಂತೆ. ಚೀಲದಿಂದ ಶಾಲೆಯ ಬುತ್ತಿ ಡಬ್ಬಿ ತೆಗೆದು, ಉಳಿದಿದ್ದ ಎರಡು ಚಪಾತಿ ಕೊಟ್ಟಳು. ಅವರು ತಿಂದರು.

ಎರಡು ದಿನ ರಜೆ ಕೊಟ್ಟರು. ಮೂರನೆಯ ದಿನ ಮ್ಯಾನೇಜರ್ ಸ್ಟೋರಿಗೆ ಬಂದು ಬಾಗಿಲು ಹಾಕಿಕೊಂಡರು.

"ರಿಪೋರ್ಟ್ ಕೊಡ್ಲಿಕ್ಕುಂಟು. ಸಪ್ಲೈಯರ್ ತಪ್ಪು ಮಾಲು ಕಳ್ಸಿದ್ದು ಅಂತ ಬರೆಯುವ. ನಿಮ್ಮ ವಿಷಯ ಬೇಡ. ನಿಮಗೇ ಹುಷಾರಿಲ್ಲದೆ ಆದದ್ದು, ಪುನಃ ನಿಮ್ಮ ಮೇಲೆಯೇ ಹಾಕುದು ಎಂತ?"

"ತಪ್ಪು ಮಾಲು ಕಳ್ಸಿದ್ದು ಹೌದು ಸರ್. ಓದದೆ ತೆಗೊಂಡದ್ದು ನಾನು. ಸಹಿ ಉಂಟಲ್ಲ."

"ಸಹಿ ಯಾರು ನೋಡ್ತಾರೆ ಮಾರಾಯ್ರೆ?"

"ನಾನು ನೋಡಿ ಆಯ್ತು."

ಅವರು ಪೆನ್ನನ್ನು ಕಿಸೆಗೆ ಸಿಕ್ಕಿಸಿ, "ನಿಮ್ಮ ಇಷ್ಟ," ಎಂದು ಹೋದರು. ಇದನ್ನು ಧೈರ್ಯ ಎಂದು ಯಾರಾದರೂ ತಿಳಿದರೆ ತಪ್ಪು. ಆ ಎರಡು ದಿನ ಮನೆಯಲ್ಲಿ ಮಲಗಿದಾಗ, ನನ್ನ ಜಾಗದಲ್ಲಿ ಆರು ವರ್ಷದ ಒಂದು ಮಗು ಆ ಉಂಡೆಯನ್ನು ಅದ್ದಿ ತಿಂದಿದ್ದರೆ ಎಂಬುದು ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿತ್ತು. ಮಗುವಾದರೆ ಖಾರವೋ ಬೇರೆಯೋ ಎಂದು ಹೇಗೆ ಹೇಳೀತು? ಅದನ್ನು ಬರೆದು ಮನಸ್ಸಿನಿಂದ ಇಳಿಸಬೇಕಿತ್ತು, ಬರೆದೆ. ಒಂದು ಎಚ್ಚರಿಕೆ ಪತ್ರ ಬಂತು. ಅದು ಈಗಲೂ ನನ್ನ ಫೈಲಿನಲ್ಲಿದೆ. ಕೆಲಸ ಹೋಗಲಿಲ್ಲ.

ಅಂದಿನಿಂದ ಬದಲಿ ಮಾಲು ಬಂದರೆ ಶೆಫ್ ನೋಡದೆ ಇಳಿಸಿಕೊಳ್ಳುವಂತಿಲ್ಲ ಎಂದಾಯಿತು. ರಿಸೆಪ್ಶನ್ನಿನ ಹೆಣ್ಣುಮಗಳು ತನ್ನ ಊಟದ ಬಿಡುವಿನಲ್ಲಿ ಸ್ಟೋರಿಗೆ ಬಂದು, ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಅರಬ್ಬಿ ಪದಗಳನ್ನು ಬರೆದು ಕೊಟ್ಟಳು: ಎಳ್ಳು, ಹಾಲು, ಮೊಟ್ಟೆ, ಗೋಧಿ, ಸಿಗಡಿ, ಹೀಗೆ. ನಾನು ಪ್ರತಿಯೊಂದರ ಕೆಳಗೆ ಕನ್ನಡದಲ್ಲಿ ಬರೆದುಕೊಂಡೆ. ಬಲದಿಂದ ಎಡಕ್ಕೆ ಓದಲು ಕಣ್ಣು ಒಗ್ಗದೆ ಮೊದಲ ವಾರ ತಲೆನೋವು ಬಂತು. "ಇದು ಎಂತ ಹೇಳಿ, ನೋಡೋಣ," ಎಂದು ಅವಳು ಡಬ್ಬಿ ಹಿಡಿದು ಕೇಳುತ್ತಿದ್ದಳು. ತಪ್ಪಿದರೆ ಶಾಲೆಯ ಟೀಚರಂತೆ ನಾಲಗೆ ಲೊಚಗುಟ್ಟುತ್ತಿದ್ದಳು.

ಮೆನು ಹೊರಬರುವ ಮೊದಲು ಎರಡನೆಯ ಸಲ ತಿಂದು ನೋಡುವುದಿತ್ತು. ನನ್ನನ್ನು ಕರೆಯಲಿಲ್ಲ. ನಾನೇ ಒಳ್ಳೆಯ ಶರ್ಟು ಹಾಕಿಕೊಂಡು ಹೋದೆ.

ಶೆಫ್ ನನ್ನನ್ನು ನೋಡಿ, "ನೀವು ಬೇಡ. ಬರಬೇಕಾಗಿರಲಿಲ್ಲ," ಎಂದರು.

"ಇವತ್ತಿನ ಸಾಮಾನೆಲ್ಲ ನಾನೇ ಓದಿ ಇಳಿಸಿಕೊಂಡದ್ದು," ಎಂದೆ. "ನಾನು ತಿನ್ನದೆ ಬೇರೆಯವರಿಗೆ ಕೊಡುವುದು ಸರಿಯಲ್ಲ."

ಅವರು ಒಳಗೆ ಹೋಗಿ ಚಟ್ನಿಯ ಬಟ್ಟಲನ್ನು ಸ್ವತಃ ತಂದರು. ಈ ಸಲ ಪೇಸ್ಟ್ ಇಲ್ಲ. ಹಸಿ ಮೆಣಸನ್ನು ತಾವೇ ಹೆಚ್ಚಿ ಹಾಕಿದ್ದರು, ಬೆರಳು ಇನ್ನೂ ಉರಿಯುತ್ತಿದೆ ಎಂದು ತೋರಿಸಿದರು. ನರ್ಸಮ್ಮ ಈ ಬಾರಿ ಮೂಲೆಯಲ್ಲಿ ಕೂರಲಿಲ್ಲ, ನನ್ನ ಬೆನ್ನ ಹಿಂದೆಯೇ ನಿಂತರು. ಉಂಡೆಯನ್ನು ಅದ್ದುವಾಗ ಎಲ್ಲರೂ ನನ್ನ ಕೈಯನ್ನೇ ನೋಡಿದರು. ತಿಂದೆ. ನಾಲಗೆಯ ತುದಿ ಉರಿಯಿತು, ಮೂಗು ಸೋರಿತು. ನರ್ಸಮ್ಮ ಗಡಿಯಾರ ನೋಡುತ್ತಲೇ ಇದ್ದರು. ಅರ್ಧ ಗಂಟೆಯ ಮೇಲೂ ಬೇರೇನೂ ಆಗಲಿಲ್ಲ.

"ಇದು ಖಾರ," ಎಂದೆ.

ಶೆಫ್ ಕುರ್ಚಿ ಎಳೆದು ಅಲ್ಲೇ ಕೂತುಬಿಟ್ಟರು, ಕಣ್ಣು ಒರೆಸಿಕೊಂಡರು. ಮೆಣಸಿನ ಕೈಯೆಂದು ಮರೆತಿದ್ದರು. ನರ್ಸಮ್ಮ ಓಡಿ ನೀರು ತರಬೇಕಾಯಿತು.

ತಿಂಗಳು ಮುಗಿಯಿತು. ಯಾರಿಗೂ ತೊಂದರೆಯಾಗಲಿಲ್ಲ. ಬಾಳೆಕಾಯಿಯೂ ಬೇಳೆಯ ಉಂಡೆಯೂ ಹೆಚ್ಚು ಖರ್ಚಾದವು, ಮರಗೆಣಸಿನ ರೊಟ್ಟಿಯನ್ನು ಯಾರೂ ಕೇಳಲಿಲ್ಲ. ಶೆಫ್ ಇನ್ನೊಂದು ದೇಶದ ಇನ್ನೊಂದು ಹೋಟೆಲಿಗೆ ಹೋದರು. ಹೋಗುವ ದಿನ ಸ್ಟೋರಿಗೆ ಬಂದಾಗ ನಾನು ತರಕಾರಿಯ ವ್ಯಾನಿನವನ ಹತ್ತಿರ ಚೌಕಾಸಿಯಲ್ಲಿದ್ದೆ. ಕೈ ಕುಲುಕಿದರು, ಅಷ್ಟೆ.

ಎರಡನೆಯ ಸಲ ಹೋಗಿ ತಿಂದದ್ದನ್ನು ಹೆಂಡತಿಗೆ ಬಹಳ ದಿನ ಹೇಳಿರಲಿಲ್ಲ. ಶೆಫ್ ಹೋದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿದೆ. ಅವಳು ಲೋಟ ಕೆಳಗಿಟ್ಟು ಎದ್ದು ಹೋದಳು. ಮಾರನೆಯ ದಿನ ಮಧ್ಯಾಹ್ನ, ಬಟ್ಟೆ ಮಡಚುತ್ತ, "ಅದು ಹೇಗಿತ್ತು, ಆ ಬೇಳೆದು?" ಎಂದು ಕೇಳಿದಳು. ಹೇಗಿತ್ತೆಂದು ಹೇಳಿದೆ.